ಪೆಡಲ್ ಕೆಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ

ಚಾರ್ಮಾಡಿ ಘಾಟಿ ಇಳಿಯುವಾಗ ಒಮ್ಮೊಮ್ಮೆ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಜಾಸ್ತಿ ಹೊತ್ತು ನಿಂತಾಗ ಬರುವಂಥ ಘಾಟು. ಕೆಲವು ವರ್ಷಗಳ ಹಿಂದೆ ಕೊಟ್ಟಿಗೆಹಾರ ದಾಟಿ ನಾಲ್ಕೈದು ತಿರುವು ಇಳಿದಿದ್ದೆ, ಆ ವಾಸನೆ ಬಂತು. ಮುಂದೆ ಹೋಗುತ್ತಿರುವ ಟೆಂಪೋದ್ದೇ ಇರಬೇಕು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ದಿನಾ ಹೋಗುವುದಕ್ಕಿಂತ ಎರಡು ಬೆರಳು ಜಾಸ್ತಿ ಕೆಳಗೆ ಹೋಯಿತು. ಒದ್ದೆ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಮೆತ್ತಗಿತ್ತು. ವಾಸನೆ ನನ್ನ ಕಾರಿನದ್ದೇ.

ಸೆಕೆಂಡ್ ಗೇರಿಗೆ ಹಾಕಿ, ನಿಧಾನ ಮಾಡಿ, ಸ್ವಲ್ಪ ಅಗಲ ಇದ್ದ ಜಾಗದಲ್ಲಿ ಗುಡ್ಡದ ಬದಿಗೆ ನಿಲ್ಲಿಸಿದೆ. ಹಿಂದಿನಿಂದ ಬಂದ ಪಿಕಪ್ ಚಾಲಕರೊಬ್ಬರು ಇಳಿದು ಬಂದರು. ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಕೇಳಿದ್ದು ಒಂದೇ ಪ್ರಶ್ನೆ. "ಯಾವ ಗೇರಲ್ಲಿ ಇಳೀತಾ ಇದ್ರಿ ಸಾರ್?"

"ಫೋರ್ತಲ್ಲಿ."

"ಹತ್ತುವಾಗ ಫೋರ್ತಲ್ಲಿ ಹತ್ತೋಕಾಗುತ್ತಾ?"

ಅಷ್ಟು ವರ್ಷ ಗಾಡಿ ಓಡಿಸಿದ್ದರೂ ಬ್ರೇಕ್ ಅಂದರೆ ಏನು ಅಂತ ನಾನು ಕಲಿಯಲು ಶುರು ಮಾಡಿದ್ದು ಆ ಪ್ರಶ್ನೆಯಿಂದ. ಆಮೇಲೆ ಓದಿ, ಗ್ಯಾರೇಜುಗಳಲ್ಲಿ ನಿಂತು ನೋಡಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬ್ರೇಕ್ ಮಾಡುವ ಕೆಲಸ ಏನು ಅಂತ ನೋಡೋಣ. ಗಾಡಿಯ ವೇಗವನ್ನು ಬ್ರೇಕ್ ಎಲ್ಲೋ ಮಾಯ ಮಾಡುವುದಿಲ್ಲ. ಅದನ್ನು ಬಿಸಿಯಾಗಿ ಬದಲಾಯಿಸುತ್ತದೆ, ಅಷ್ಟೆ. ಚಕ್ರದ ಜೊತೆ ತಿರುಗುವ ಕಬ್ಬಿಣದ ಡ್ರಮ್ಮಿಗೆ ಒಳಗಿನಿಂದ ಲೈನರ್ ಎಂಬ ಪಟ್ಟಿ ಉಜ್ಜುತ್ತದೆ, ತಟ್ಟೆಯಂಥ ಡಿಸ್ಕಿಗೆ ಪ್ಯಾಡ್ ಉಜ್ಜುತ್ತದೆ, ಉಜ್ಜಿದ್ದೆಲ್ಲ ಶಾಖವಾಗುತ್ತದೆ. ಒಂದು ಸಣ್ಣ ಲೆಕ್ಕ ಹಾಕೋಣ. ಜನ, ಲಗೇಜು ಎಲ್ಲ ಸೇರಿ 1500 ಕಿಲೋ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗೆ ಬರುತ್ತದೆ ಅಂತಿಟ್ಟುಕೊಳ್ಳಿ. ಇಳಿಜಾರು ಆ ಕಾರಿಗೆ ಕೊಡುವ ಶಕ್ತಿಯಿಂದ ಸುಮಾರು 23 ಲೀಟರ್ ತಣ್ಣೀರನ್ನು ಕುದಿಯುವಷ್ಟು ಬಿಸಿ ಮಾಡಬಹುದು. ಬಚ್ಚಲುಮನೆಯ ಒಂದು ಹಂಡೆ ನೀರು. ಅದೇ ಎತ್ತರದಿಂದ 28 ಟನ್ನಿನ ಲಾರಿ ಇಳಿದರೆ 400 ಲೀಟರಿಗೂ ಜಾಸ್ತಿ. ಎರಡು ದೊಡ್ಡ ಬ್ಯಾರೆಲ್ ನೀರು ಕುದಿಸುವ ಬೆಂಕಿ! ಇಡೀ ಘಾಟಿಯಲ್ಲಿ ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಇಳಿದರೆ ಆ ಬೆಂಕಿಯ ಬಹುಪಾಲು ಹೋಗುವುದು ಚಕ್ರದೊಳಗಿನ ನಾಲ್ಕಾರು ಕಬ್ಬಿಣದ ತುಂಡುಗಳಿಗೆ.

ಅಷ್ಟು ಬಿಸಿಯಾದಾಗ ಎರಡು ತೊಂದರೆ ಆಗುತ್ತವೆ. ಒಂದು, ಉಜ್ಜುವ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಡ್ರಮ್ ಬ್ರೇಕಾದರೆ ಡ್ರಮ್ಮೇ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಆಗ ಪೆಡಲ್ ಒತ್ತಿದರೂ ಗಾಡಿ ಜಾರುತ್ತಲೇ ಇರುತ್ತದೆ. ಎರಡನೆಯದು ಬ್ರೇಕ್ ಆಯಿಲಿನ ಕಥೆ. ಕಾರಿನಲ್ಲಿ ನಮ್ಮ ಕಾಲಿನ ಒತ್ತಡವನ್ನು ಚಕ್ರದವರೆಗೆ ಮುಟ್ಟಿಸುವುದು ಈ ಆಯಿಲ್. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡ ಹಾಗೇ ಆ ಕಡೆ ಮುಟ್ಟುತ್ತದೆ. ಆದರೆ ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ, ಡಬ್ಬದ ಮುಚ್ಚಳ ಬಿಟ್ಟ ಉಪ್ಪಿನ ಹಾಗೆ. ನಮ್ಮ ಮಲೆನಾಡು, ಕರಾವಳಿಯ ಹವೆಯಲ್ಲಿ ತೇವಕ್ಕೇನು ಬರ? ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿವರೆಗೂ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಮೇಲೆ ಅದೇ ಆಯಿಲಿಗೆ ಇರುವ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಆವಿಯನ್ನು ಒತ್ತಿದರೆ ಕುಗ್ಗುತ್ತದೆ. ನೀವು ಎಷ್ಟೇ ಒತ್ತಿ, ಒತ್ತುತ್ತಿರುವುದು ಗುಳ್ಳೆಯನ್ನು. ನನ್ನ ಪೆಡಲ್ ಮೆತ್ತಗಾದದ್ದು ಹೀಗೆ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಮತ್ತೆ ಗಟ್ಟಿಯಾಗಿತ್ತು. ಗ್ಯಾರೇಜಿಗೆ ಹೋಗಿದ್ದರೆ "ಏನೂ ಪ್ರಾಬ್ಲಮ್ ಇಲ್ವಲ್ಲ ಸಾರ್" ಅಂತ ಕಳಿಸುತ್ತಿದ್ದರೋ ಏನೋ. ಆಯಿಲ್ ಕೊನೆಯ ಸಲ ಬದಲಾಯಿಸಿದ್ದು ಯಾವಾಗ ಅಂತ ನೆನಪು ಮಾಡಿಕೊಂಡೆ. ಆ ಕಾರು ಕೊಂಡ ಮೇಲೆ ಬದಲಾಯಿಸಿಯೇ ಇರಲಿಲ್ಲ. ಹೆಚ್ಚಿನ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಕಾರು ಎಷ್ಟು ಓಡಿದೆ ಅನ್ನುವುದು ಇಲ್ಲಿ ಮುಖ್ಯವಲ್ಲ. ಶೆಡ್ಡಿನಲ್ಲಿ ಸುಮ್ನೆ ನಿಂತ ಕಾರಿನ ಆಯಿಲೂ ನೀರು ಕುಡಿಯುತ್ತದೆ.

ಇದಕ್ಕೆ ಪರಿಹಾರ ಆ ಪಿಕಪ್ ಚಾಲಕರ ಪ್ರಶ್ನೆಯಲ್ಲೇ ಇದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು. ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಚಕ್ರವೇ ಇಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಶ್ರಮದಲ್ಲಿ ಗಾಡಿಯ ಓಟ ಕುಗ್ಗುತ್ತದೆ. ಇಂಜಿನ್ ಜೋರಾಗಿ ಕೂಗುತ್ತದೆ, ಹೆದರಬೇಡಿ. ಮೀಟರಿನ ಕೆಂಪು ಗೆರೆ ದಾಟದಿದ್ದರೆ ಅದಕ್ಕೆ ಏನೂ ಆಗುವುದಿಲ್ಲ. ಬ್ರೇಕನ್ನು ಆಗಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ನಡುವೆ ಸಿಗುವ ಬಿಡುವಿನಲ್ಲಿ ಅದು ಆರುತ್ತದೆ. ಹಗುರವಾಗಿ ಒತ್ತಿಕೊಂಡೇ ಇರುವುದು ಎಲ್ಲಕ್ಕಿಂತ ಕೆಟ್ಟದ್ದು.

ಇಳಿಜಾರಿನಲ್ಲಿ ನೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಅನ್ನುವ ನಂಬಿಕೆ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಈಗಿನ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್‌ಗಳು ಇಂಧನ ಬಿಡುವುದನ್ನೇ ನಿಲ್ಲಿಸುತ್ತವೆ. ನೂಟ್ರಲ್ಲಿಗೆ ಹಾಕಿದರೆ ಇಂಜಿನ್ ಆರದೇ ಇರಲು ಇಂಧನ ಬೇಕೇ ಬೇಕು. ಅಂದರೆ ನೂಟ್ರಲ್ಲಿನಲ್ಲಿ ಖರ್ಚು ಜಾಸ್ತಿ! ಇನ್ನು ಇಂಜಿನ್ ಆಫ್ ಮಾಡಿ ಇಳಿಯುವುದು ಪ್ರಾಣದ ಜೊತೆ ಆಡುವ ಆಟ. ಕಾರಿನಲ್ಲಿ ಪೆಡಲಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿ, ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗೂ ಹೋಗುತ್ತದೆ. ಲಾರಿಯಲ್ಲಾದರೆ ಬ್ರೇಕಿಗೆ ಬೇಕಾದ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ.

2022ರ ನವೆಂಬರಿನಲ್ಲಿ ಪುಣೆಯ ನವಲೆ ಸೇತುವೆಯ ಹತ್ತಿರ ಒಂದು ಟ್ರಕ್ ಹತ್ತಾರು ವಾಹನಗಳಿಗೆ ಗುದ್ದಿಕೊಂಡು ಹೋಯಿತು. ಅದು ನಮ್ಮ ಬೆಂಗಳೂರು-ಮುಂಬೈ ಹೆದ್ದಾರಿಯೇ. ಕಾತ್ರಜ್ ಸುರಂಗ ದಾಟಿದ ಮೇಲೆ ಉದ್ದಕ್ಕೂ ಇಳಿಜಾರು. ಮೊದಲು ಬಂದ ಸುದ್ದಿ "ಬ್ರೇಕ್ ಫೇಲ್". ಆಮೇಲೆ ವಿಚಾರಣೆಯಲ್ಲಿ ಬಂದದ್ದು, ಚಾಲಕ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿದ್ದ ಅನ್ನುವ ಮಾತು. ಬೆಂಗಳೂರಿನಿಂದ ಸೇಲಂ ಕಡೆ ಹೋಗುವವರಿಗೆ ಧರ್ಮಪುರಿ ದಾಟಿದ ಮೇಲೆ ಸಿಗುವ ತೊಪ್ಪೂರು ಘಾಟಿ ಗೊತ್ತಿರುತ್ತದೆ. ಅಲ್ಲಿಯೂ ಇದೇ ಗೋಳು. ಪೇಪರಿನಲ್ಲಿ "ಬ್ರೇಕ್ ಫೇಲ್" ಅಂತ ಓದಿದಾಗಲೆಲ್ಲ ನನಗೆ ಕೇಳಬೇಕೆನಿಸುವುದು, ಅದು ಯಾವ ಗೇರಿನಲ್ಲಿ ಇಳಿಯುತ್ತಿತ್ತು ಅಂತಲೇ.

ಲಾರಿ, ಬಸ್ಸುಗಳ ಬ್ರೇಕ್ ಬೇರೆಯದೇ ಜಾತಿ. ಅಲ್ಲಿ ಕೆಲಸ ಮಾಡುವುದು ಆಯಿಲ್ ಅಲ್ಲ, ಗಾಳಿ. ಕಂಪ್ರೆಸರ್ ಟ್ಯಾಂಕಿನಲ್ಲಿ ಸುಮಾರು 8 ಬಾರ್ ಒತ್ತಡಕ್ಕೆ ಗಾಳಿ ತುಂಬಿಡುತ್ತದೆ. ಬಸ್ಸು ನಿಂತಾಗ "ಬುಸ್ಸ್" ಅಂತ ಕೇಳುವುದು ಆ ಗಾಳಿಯೇ. ಗಾಳಿ ಸೋರಿಹೋದರೆ ಬ್ರೇಕ್ ಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಆಗುವುದು ತಿರುಗಾಮುರುಗಾ. ಹಿಂದಿನ ಚಕ್ರಗಳ ಬ್ರೇಕಿನಲ್ಲಿ ಒಂದು ಬಲವಾದ ಸ್ಪ್ರಿಂಗ್ ಇರುತ್ತದೆ. ಅದು ಯಾವಾಗಲೂ ಬ್ರೇಕ್ ಹಿಡಿಯಲು ಕಾದಿರುತ್ತದೆ. ಗಾಳಿಯ ಒತ್ತಡ ಅದನ್ನು ಹಿಂದಕ್ಕೆ ತಳ್ಳಿ ಹಿಡಿದಿರುತ್ತದೆ. ಗಾಳಿ ಹೋದರೆ ಸ್ಪ್ರಿಂಗ್ ಬಿಡುಗಡೆಯಾಗಿ ಚಕ್ರ ಹಿಡಿದುಕೊಳ್ಳುತ್ತದೆ. ಒತ್ತಡ ಹೋದರೆ ನಿಲ್ಲಬೇಕು ಅನ್ನುವ ಈ ವಿಚಾರ ರೈಲಿನಿಂದ ಬಂದದ್ದು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಮಾಡಿದ ಮೊದಲ ಗಾಳಿ ಬ್ರೇಕಿನಲ್ಲಿ ಪೈಪ್ ಒಡೆದರೆ ಬ್ರೇಕ್ ಇಲ್ಲ. 1872ರ ಹೊತ್ತಿಗೆ ಅವರೇ ಅದನ್ನು ತಲೆಕೆಳಗು ಮಾಡಿದರು. ಪೈಪ್ ಒಡೆದರೆ, ಬೋಗಿ ಕಳಚಿದರೆ, ತಾನಾಗಿಯೇ ಬ್ರೇಕ್ ಬೀಳಬೇಕು. ಎಷ್ಟು ಸಾವಿರ ಜೀವ ಉಳಿಸಿದ ಬುದ್ಧಿ ಅದು!

ಆದರೆ ಸ್ಪ್ರಿಂಗ್ ಹಿಡಿಯುವುದೂ ಅದೇ ಲೈನರನ್ನು, ಅದೇ ಡ್ರಮ್ಮಿಗೆ. ಗಾಳಿ ಹೋದರೆ ಲಾರಿ ನಿಲ್ಲುತ್ತದೆ, ಡ್ರಮ್ ಕಾದು ಕೆಂಪಾದರೆ ನಿಲ್ಲುವುದಿಲ್ಲ. ಅದಕ್ಕೇ ಘಾಟಿಯಲ್ಲಿ ಇಂಜಿನ್ನಿನ ಹೊಗೆಯ ದಾರಿಯನ್ನು ತಡೆದು ಗಾಡಿ ನಿಧಾನ ಮಾಡುವ ಎಕ್ಸಾಸ್ಟ್ ಬ್ರೇಕ್ ಹಾಕಬೇಕು, ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಇಳಿಸಬೇಕು. ವೇಗ ಹಿಡಿದ ಮೇಲೆ ಲಾರಿಯಲ್ಲಿ ಗೇರ್ ಇಳಿಸಲು ಹೋದರೆ ಕೆಳಗಿನ ಗೇರ್ ಬೀಳದೇ ಇರಬಹುದು, ಇದ್ದ ಗೇರೂ ಹೋಗಿರುತ್ತದೆ. ನಡು ಘಾಟಿಯಲ್ಲಿ ನೂಟ್ರಲ್.

ಈಗ ಯಾರಾದರೂ ಬೇಕಂತಲೇ ಬ್ರೇಕ್ ಕೆಡಿಸುವ ವಿಷಯ. ಸಿನಿಮಾದಲ್ಲಿ ಖಳನಾಯಕ ರಾತ್ರಿ ಬಂದು ಪೈಪ್ ಕತ್ತರಿಸುತ್ತಾನೆ. ಬೆಳಿಗ್ಗೆ ನಾಯಕನ ಅಪ್ಪ ಕಾರು ಹತ್ತಿ, ಊರೆಲ್ಲ ದಾಟಿ, ಸರಿಯಾಗಿ ಘಾಟಿಯ ತಿರುವಿನಲ್ಲಿ "ಬ್ರೇಕ್ ಹಿಡೀತಿಲ್ಲ!" ಅಂತ ಕೂಗುತ್ತಾರೆ. ನಿಜದಲ್ಲಿ ಪೈಪ್ ಕತ್ತರಿಸಿದರೆ ನೆಲದ ಮೇಲೆ ಎಣ್ಣೆ ಚೆಲ್ಲಿರುತ್ತದೆ. ಗೇಟ್ ದಾಟುವ ಮೊದಲೇ, ಮೊದಲ ಸಲ ಒತ್ತಿದಾಗಲೇ ಪೆಡಲ್ ದಿನಾ ಹೋಗುವುದಕ್ಕಿಂತ ಆಳಕ್ಕೆ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಈಗಿನ ಕಾರುಗಳಲ್ಲಿ ಬ್ರೇಕ್ ಆಯಿಲಿಗೆ ಎರಡು ಬೇರೆ ಬೇರೆ ದಾರಿ ಇರುತ್ತವೆ. ಹಲವು ಕಾರುಗಳಲ್ಲಿ ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಒಂದು ಜೋಡಿ, ಉಳಿದೆರಡು ಇನ್ನೊಂದು ಜೋಡಿ. ಒಂದು ದಾರಿ ಒಡೆದರೂ ಇನ್ನೊಂದು ಉಳಿಯುತ್ತದೆ. ಪೆಡಲ್ ಆಳಕ್ಕೆ ಹೋಗುತ್ತದೆ, ಗಾಡಿ ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ, ಆದರೆ ನಿಲ್ಲುತ್ತದೆ.

ಹಾಗಂತ ಇಂಥದ್ದು ಆಗುವುದೇ ಇಲ್ಲ ಅನ್ನಲಾರೆ. ಮೋಟಾರು ವಾಹನ ಕಾಯಿದೆಯ 198ನೇ ಸೆಕ್ಷನ್ ಅಧಿಕಾರವಿಲ್ಲದೆ ಗಾಡಿಯ ಬ್ರೇಕಿಗೆ ಕೈ ಹಾಕುವುದನ್ನು ಹೆಸರು ಹೇಳಿಯೇ ಅಪರಾಧ ಅನ್ನುತ್ತದೆ. ಮೊದಲು 100 ರೂಪಾಯಿವರೆಗೆ ಇದ್ದ ದಂಡ 2019ರ ತಿದ್ದುಪಡಿಯಲ್ಲಿ 1000 ರೂಪಾಯಿ ಆಯಿತು. ಸಾವಿರ ರೂಪಾಯಿ ಏನೂ ಅಲ್ಲ, ಅಲ್ವಾ? ಆದರೆ ಜೀವ ತೆಗೆಯುವ ಉದ್ದೇಶ ಇತ್ತು ಅಂತ ಕಂಡರೆ ಅದು ಕೊಲೆ ಯತ್ನದ ಕೇಸು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 109ನೇ ಸೆಕ್ಷನ್. ಅನುಮಾನ ಬಂದರೆ ಗಾಡಿಯನ್ನು ಒಂದು ಅಡಿಯೂ ಕದಲಿಸಬೇಡಿ, ಒರೆಸಬೇಡಿ, ನೀವೇ ಬಿಚ್ಚಬೇಡಿ. ನೆಲದ ಎಣ್ಣೆಯ ಸಮೇತ ಫೋಟೋ ತೆಗೆದು ಪೊಲೀಸರನ್ನು ಕರೆಯಿರಿ. ಆಮೇಲೆ ಮೋಟಾರು ವಾಹನ ನಿರೀಕ್ಷಕರು ಬಂದು ನೋಡಿ ವರದಿ ಕೊಡುತ್ತಾರೆ. ನಮ್ಮ ಜನ ಅವರನ್ನು ಹಿಂದಿನಿಂದಲೂ "ಬ್ರೇಕ್ ಇನ್‌ಸ್ಪೆಕ್ಟರ್" ಅಂತಲೇ ಕರೆಯುತ್ತಾರಲ್ಲ, ಆ ಹೆಸರು ಸುಮ್ನೆ ಬಂದದ್ದಲ್ಲ. ಒಡೆದ ಪೈಪು ತುಕ್ಕಿನಿಂದ ಒಡೆದದ್ದೋ, ಇಲಿ ಕಡಿದದ್ದೋ, ಯಾರಾದರೂ ಕತ್ತರಿಸಿದ್ದೋ ಅನ್ನುವುದು ಅದರ ತುದಿ ನೋಡಿದರೆ ತಿಳಿದವರಿಗೆ ಗೊತ್ತಾಗುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಭಯ ಇರುವುದು ಹಗಲು ಹೊತ್ತಿನಲ್ಲಿ, ನಮ್ಮ ಕಣ್ಣೆದುರೇ, ಕೆಲವು ಸಲ ನಾವೇ ಹೇಳಿ ಮಾಡಿಸುವ ಕೆಡುಕಿನ ಬಗ್ಗೆ. ಒಮ್ಮೆ ಗ್ಯಾರೇಜಿನಲ್ಲಿ ಒಂದು ಹಳೇ ಜೀಪ್ ಲಿಫ್ಟಿನ ಮೇಲಿತ್ತು. ಹಿಂದಿನ ಎಡ ಚಕ್ರಕ್ಕೆ ಹೋಗುವ ಬ್ರೇಕ್ ಪೈಪನ್ನು ಮೆಕ್ಯಾನಿಕ್ ನನಗೆ ತೋರಿಸಿದ. ಯಾರೋ ಅದನ್ನು ಬಗ್ಗಿಸಿ, ಎರಡು ಪದರ ಮಾಡಿ, ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದ್ದರು. ಆ ಚಕ್ರದ ಸಿಲಿಂಡರ್ ಸೋರುತ್ತಿತ್ತು. ಹೊಸದು ಹಾಕಿಸುವ ಬದಲು ಆ ಚಕ್ರಕ್ಕೆ ಆಯಿಲೇ ಹೋಗದ ಹಾಗೆ ಮುಚ್ಚಿದ್ದರು. ಸೋರುವುದು ನಿಂತಿತ್ತು. ಜೀಪ್ ಮೂರೇ ಚಕ್ರದ ಬ್ರೇಕಿನಲ್ಲಿ ಓಡುತ್ತಿತ್ತು. ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದ ದಿನ ಅದು ಒಂದು ಕಡೆಗೆ ಎಳೆದು ತಿರುಗಿಬಿಡಬಹುದು. ಆ ಮಡಿಕೆ ಹೊಸದಾಗಿರಲಿಲ್ಲ, ಅದರ ಮೇಲೆ ಕೆಸರು ಒಣಗಿ ಪದರಗಟ್ಟಿತ್ತು. ಎಷ್ಟು ಮಳೆಗಾಲ ಹಾಗೆ ಓಡಿತ್ತೋ, ಎಷ್ಟು ಮಕ್ಕಳು ಅದರಲ್ಲಿ ಕೂತಿದ್ದರೋ.

ಲಾರಿಗಳಲ್ಲೂ ಇಂಥದ್ದಿದೆ. ಕೆಟ್ಟು ನಿಂತ ಲಾರಿಯನ್ನು ಎಳೆದೊಯ್ಯಲು ಹಿಂದಿನ ಚಕ್ರದ ಬ್ರೇಕಿನ ಆ ಸ್ಪ್ರಿಂಗನ್ನು ಒಂದು ಬೋಲ್ಟಿನಿಂದ ಹಿಂದಕ್ಕೆ ಎಳೆದು ಕಟ್ಟಿಹಾಕಬಹುದು. ಗ್ಯಾರೇಜಿಗೆ ಮುಟ್ಟುವ ತನಕ ಮಾತ್ರ ಇರಬೇಕಾದ ವ್ಯವಸ್ಥೆ. ಗಾಳಿ ಸೋರಿ ಬ್ರೇಕ್ ಹಿಡಿದುಕೊಳ್ಳುತ್ತದೆ ಅಂತ ಕಟ್ಟಿಹಾಕಿ ಲೋಡು ಹೊಡೆದರೆ, ವೆಸ್ಟಿಂಗ್‌ಹೌಸ್ ಕಾಲದಿಂದ ಬಂದ ಕಾವಲನ್ನು ನಾವೇ ಕೊಂದ ಹಾಗೆ. ಬ್ರೇಕ್ ಆಯಿಲ್ ಕಡಿಮೆಯಾಯಿತು ಅಂತ ಕೈಗೆ ಸಿಕ್ಕ ಇಂಜಿನ್ ಆಯಿಲ್ ಸುರಿಯುವವರಿದ್ದಾರೆ. ಅದು ಒಳಗಿನ ರಬ್ಬರ್ ವಾಷರುಗಳನ್ನು ಉಬ್ಬಿಸಿ ಇಡೀ ಬ್ರೇಕನ್ನೇ ಹಾಳು ಮಾಡುತ್ತದೆ. ಬೈಕಿನವರು ಮುಂದಿನ ಬ್ರೇಕ್ ಹಿಡಿದರೆ ಬೀಳುತ್ತೇವೆ ಅಂತ ಅದನ್ನು ಸಡಿಲ ಮಾಡಿಸುತ್ತಾರೆ. ಬೈಕನ್ನು ಹೆಚ್ಚಾಗಿ ನಿಲ್ಲಿಸುವುದೇ ಮುಂದಿನ ಬ್ರೇಕ್. ಎರಡನ್ನೂ ಒಟ್ಟಿಗೆ ಹಿಡಿಯುವುದನ್ನು ಕಲಿತರೆ ಆಯಿತು.

ಇಷ್ಟೆಲ್ಲ ಎಚ್ಚರ ಇದ್ದರೂ ಒಂದು ದಿನ ಪೆಡಲ್ ತಳಕ್ಕೆ ಹೋಗಬಹುದು. 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಯೋಚಿಸಲು ಪುರುಸೊತ್ತಿಲ್ಲ. ಅದಕ್ಕೇ ಇದನ್ನು ಈಗಲೇ, ಆರಾಮಾಗಿ ಕೂತಿರುವಾಗ, ಮನಸ್ಸಿನಲ್ಲಿ ಎರಡು ಸಲ ಓಡಿಸಿ ನೋಡಿ.

ಕಾರಾದರೆ ಮೊದಲು ಪೆಡಲನ್ನು ಬೇಗ ಬೇಗ ಪೂರ್ತಿ ಒತ್ತಿ ಬಿಡಿ, ಒತ್ತಿ ಬಿಡಿ. ಪೈಪಿನಲ್ಲಿ ಉಳಿದಿರುವ ಆಯಿಲಿನಿಂದ ಮೂರನೆಯದೋ ನಾಲ್ಕನೆಯದೋ ಒತ್ತಿಗೆ ಸ್ವಲ್ಪ ಹಿಡಿತ ಮರಳಬಹುದು. ಗಾಳಿ ಬ್ರೇಕಿನ ಲಾರಿ, ಬಸ್ಸಿನಲ್ಲಿ ಮಾತ್ರ ಹೀಗೆ ಮಾಡಲೇಬಾರದು. ಅಲ್ಲಿ ಪ್ರತಿ ಒತ್ತಿಗೂ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕಾರಿನಿಂದ ಲಾರಿಗೆ, ಲಾರಿಯಿಂದ ಕಾರಿಗೆ ಬದಲಾಯಿಸುವ ಚಾಲಕರು ಇದನ್ನು ಮರೆಯಬಾರದು.

ಪೆಡಲ್ ಗಟ್ಟಿಯಾಗಿದ್ದು ಕೆಳಗೇ ಹೋಗದಿದ್ದರೆ ಅಡಿಯಲ್ಲಿ ಏನೋ ಸಿಕ್ಕಿಕೊಂಡಿರಬಹುದು. ನೀರಿನ ಬಾಟಲಿ, ಮಕ್ಕಳ ಚೆಂಡು, ಮಡಚಿದ ಮ್ಯಾಟು. ಸೀಟಿನ ಕೆಳಗಿಂದ ಉರುಳಿ ಬಂದ ಒಂದು ಲೀಟರಿನ ಬಾಟಲಿ ಇಡೀ ಕುಟುಂಬದ ಜೀವಕ್ಕೆ ಕುತ್ತು ತರಬಹುದು. ಚಾಲಕನ ಸೀಟಿನ ಹತ್ತಿರ ಏನೂ ಇಡಬೇಡಿ, ದಯವಿಟ್ಟು.

ಜೊತೆಜೊತೆಗೇ ಗೇರ್ ಇಳಿಸುತ್ತಾ ಬನ್ನಿ. ಐದರಿಂದ ನಾಲ್ಕು, ಮೂರು, ಎರಡು. ಐದರಿಂದ ಒಂದಕ್ಕೆ ಹಾರಿಸಿದರೆ ಗೇರ್ ಬೀಳದೆ ಕ್ಲಚ್ ಒತ್ತಿಕೊಂಡೇ ಉಳಿಯುತ್ತೀರಿ, ಗಾಡಿ ಇನ್ನೂ ಜೋರಾಗುತ್ತದೆ. ಆಟೋಮ್ಯಾಟಿಕ್ ಆದರೆ ಎಲ್ ಅಥವಾ 2ಕ್ಕೆ, ಇಲ್ಲವೇ ಮ್ಯಾನುಯಲ್ ಕಡೆ ಸರಿಸಿ ಕೆಳಗಿನ ಗೇರಿಗೆ. ಎಲೆಕ್ಟ್ರಿಕ್ ಕಾರಿನಲ್ಲಿ ಮೋಟಾರೇ ಬ್ರೇಕಿನ ಕೆಲಸ ಮಾಡುತ್ತದೆ. ಆದರೆ ಘಾಟಿಯ ತುದಿಯಲ್ಲೇ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೊರಟರೆ ಆ ಶಕ್ತಿ ಹೋಗಲು ಜಾಗ ಇರುವುದಿಲ್ಲ, ಮೋಟಾರಿನ ಹಿಡಿತ ಕಡಿಮೆಯಾಗುತ್ತದೆ.

ಹ್ಯಾಂಡ್ ಬ್ರೇಕ್ ಹೆಚ್ಚಿನ ಕಾರುಗಳಲ್ಲಿ ತಂತಿಯಿಂದ ಹಿಂದಿನ ಚಕ್ರಕ್ಕೆ ಹೋಗುತ್ತದೆ, ಆಯಿಲಿಗೂ ಅದಕ್ಕೂ ಸಂಬಂಧವಿಲ್ಲ. ತುದಿಯ ಗುಂಡಿಯನ್ನು ಒತ್ತಿ ಹಿಡಿದೇ ಸ್ವಲ್ಪ ಎಳೆಯಿರಿ, ಬಿಡಿ, ಮತ್ತೆ ಎಳೆಯಿರಿ. ಒಂದೇ ಸಲ ಜಗ್ಗಿದರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ಬುಗುರಿಯಾಗುತ್ತದೆ. ಸ್ವಿಚ್ ಇರುವ ಕಾರುಗಳಲ್ಲಿ ಅದನ್ನು ಎಳೆದು ಹಿಡಿದುಕೊಂಡೇ ಇದ್ದರೆ ಎಷ್ಟೋ ಮಾದರಿಗಳು ತಾವೇ ಹದವಾಗಿ ನಿಲ್ಲಿಸುತ್ತವೆ. ನಿಮ್ಮ ಕಾರಿನ ಪುಸ್ತಕದಲ್ಲಿ ಇದು ಬರೆದಿರುತ್ತದೆ, ಇವತ್ತೇ ತೆಗೆದು ನೋಡಿ. ಕೀ ಮಾತ್ರ ತಿರುಗಿಸಬೇಡಿ. ಇಂಜಿನ್ ಆಫ್ ಆಗಿ, ಕೀ ಹೊರಗೆ ಬಂದರೆ ಸ್ಟೀರಿಂಗ್ ಲಾಕ್ ಆಗಬಹುದು. ಹಾರ್ನ್ ಬಿಡದೆ ಒತ್ತಿ, ಹೆಡ್‌ಲೈಟ್ ಹಾಕಿ.

ಇಷ್ಟಾದರೂ ನಿಲ್ಲದಿದ್ದರೆ ಎಲ್ಲಿಗೆ ಗುದ್ದಬೇಕು ಅಂತ ನೀವೇ ಆರಿಸಬೇಕು. ಹೇಳಲು ಕಷ್ಟ, ಆದರೆ ಹೇಳಬೇಕು. ಘಾಟಿಯಲ್ಲಿ ಯಾವಾಗಲೂ ಗುಡ್ಡದ ಬದಿ, ಕಣಿವೆಯ ಬದಿ ಬೇಡವೇ ಬೇಡ. ಮರಳಿನ ರಾಶಿ, ಮೆತ್ತನೆಯ ಮಣ್ಣು, ಪೊದೆ, ಏರು ದಾರಿ ಯಾವುದು ಸಿಕ್ಕಿದರೂ ಒಳ್ಳೆಯದು. ಏನೂ ಇಲ್ಲದಿದ್ದರೆ ಗುಡ್ಡದ ಮೈಗೆ ಕಾರಿನ ಪಕ್ಕವನ್ನು ಓರೆಯಾಗಿ ತಾಗಿಸಿ ಉಜ್ಜುತ್ತಾ ವೇಗ ಇಳಿಸಿ. ಬಾಗಿಲು ಹೋದರೆ ಹೋಗಲಿ. ಎದುರಿನಿಂದ ಬರುವ ಗಾಡಿಗೆ ಮುಖಾಮುಖಿ ಮಾತ್ರ ಆಗಬಾರದು. ಓಡುವ ಗಾಡಿಯಿಂದ ಹಾರಬೇಡಿ. ಬೆಲ್ಟ್ ಹಾಕಿ ಒಳಗೆ ಕೂತವರು ಉಳಿಯುವ ಸಾಧ್ಯತೆ ಜಾಸ್ತಿ.

ಗೇರಿಲ್ಲದ ಸ್ಕೂಟರಿನವರಿಗೆ ಒಂದು ಮಾತು. ಆಕ್ಸಿಲರೇಟರ್ ಬಿಟ್ಟು ವೇಗ ಒಂದು ಮಟ್ಟಕ್ಕಿಂತ ಇಳಿದರೆ ನಿಮ್ಮ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಇಂಜಿನ್ ಹಿಡಿಯುವುದೇ ಇಲ್ಲ, ಇರುವುದು ಬ್ರೇಕ್ ಮಾತ್ರ. ಆಗುಂಬೆಯಂಥ ಘಾಟಿಯನ್ನು ಇಬ್ಬರು ಕೂತು ಇಳಿಯುವಾಗ ನಡುವೆ ಒಂದೆರಡು ಕಡೆ ನಿಂತು ಬ್ರೇಕ್ ಆರಲು ಬಿಡಿ. ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಎರಡು ಮೂರು ಸಲ ಹಿಡಿದು ಒಣಗಿಸಿ. ಇದು ಎಲ್ಲಾ ಗಾಡಿಗೂ.

ಬಿಸಿಯಾದ ಗಾಡಿ ಅಂತೂ ನಿಂತಿತು ಅನ್ನೋಣ. ಚಕ್ರಕ್ಕೆ ನೀರು ಹೊಯ್ಯಬೇಡಿ, ಕಾದ ಡ್ರಮ್ ಸೀಳು ಬಿಡಬಹುದು. ಗೇರಿನಲ್ಲೇ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಒಂದನ್ನೇ ನಂಬದೆ ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆಯಾದರೂ ಬಿಡಿ. ಆಮೇಲೆ ಪೆಡಲ್ ಗಟ್ಟಿಯಾಗಿದ್ದರೂ ಸೆಕೆಂಡ್ ಗೇರಿನಲ್ಲಿ ಮೊದಲು ಸಿಗುವ ಗ್ಯಾರೇಜಿನವರೆಗೆ ಮಾತ್ರ. ಪೆಡಲ್ ಇನ್ನೂ ಮೆತ್ತಗಿದ್ದರೆ, ಆಯಿಲ್ ಸೋರುತ್ತಿದ್ದರೆ, ಟೋ ಗಾಡಿ ಕರೆಸಿ.

ನಾವು ಅವತ್ತು ಹೊರಟಾಗ ಆ ಪಿಕಪ್ ಚಾಲಕರು ತಮ್ಮ ಗಾಡಿ ಹತ್ತಿದವರು ಮತ್ತೆ ಇಳಿದರು. ನನ್ನ ಚಕ್ರಕ್ಕೆ ಕೊಟ್ಟಿದ್ದ ಎರಡು ಕಲ್ಲು ರಸ್ತೆಯ ಮೇಲೇ ಉಳಿದಿದ್ದವು. ರಾತ್ರಿ ಬೈಕಿನಲ್ಲಿ ಬರುವವರಿಗೆ ಕಾಣುವುದಿಲ್ಲ ಅಂತ ಹೇಳಿ, ಒಂದೊಂದನ್ನೇ ಎತ್ತಿ ಚರಂಡಿಯ ಆಚೆ ಇಟ್ಟು ಬಂದರು.